ಅರ್ಧಶಕ್ತಿಯ ವ್ಯಾಯಾಮ

‘30 ದಿನಗಳ ಸವಾಲು’ ಎಂಬ ಮೊಬೈಲ್ ವ್ಯಾಯಾಮವು ಅತ್ತಿವೇರಿಯಂತಹ ಹಳ್ಳಿಗಳ ಮನೆಗಳನ್ನೂ ತಲುಪಿದೆ. ಮೊಣಕೈಯೂರಿ ದೇಹವನ್ನು ಹಲಗೆಯಂತೆ ನೇರವಾಗಿ ಹಿಡಿಯುವ ಪ್ಲ್ಯಾಂಕ್, ಹೊಟ್ಟೆ, ಸೊಂಟ, ಬೆನ್ನಿನ ಸ್ನಾಯುಗಳನ್ನು ಬಲಪಡಿಸುವುದು ನಿಜ. ಗದ್ದೆಯಲ್ಲಿ ಬಾಗಿ ಕಳೆ ಕೀಳುವ ತಾಯಂದಿರಿಗೂ ಅದು ಉಪಯುಕ್ತವೇ. ಆದರೆ ದಿನದಿನವೂ ಅವಧಿ ಹೆಚ್ಚಿಸಲೇಬೇಕೆಂಬ ಹಟವನ್ನು ನಾವು ಒಪ್ಪುವುದಿಲ್ಲ.

ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ಬಲಶಾಲಿಗಳಿಗೂ ಅರ್ಧಶಕ್ತಿಯ ವ್ಯಾಯಾಮವನ್ನೇ ವಿಧಿಸಿದ್ದಾರೆ. ಅದೂ ಚಳಿಗಾಲ, ವಸಂತಗಳಲ್ಲಿ. ಉಳಿದ ಋತುಗಳಲ್ಲಿ ಇನ್ನೂ ಮಿತವಾಗಿರಬೇಕು. ಹಣೆ, ಕಂಕುಳಲ್ಲಿ ಬೆವರೊಡೆದು ಬಾಯಿಯಿಂದ ಉಸಿರಾಡುವಂತಾದರೆ ಅರ್ಧಶಕ್ತಿ ವ್ಯಯವಾಯಿತೆಂದು ತಿಳಿದು ನಿಲ್ಲಿಸಬೇಕು. ಉಸಿರು ಬಿಗಿಹಿಡಿದು ತಿಣುಕಿದರೆ ರಕ್ತದೊತ್ತಡ ಏರುತ್ತದೆ. ಆದ್ದರಿಂದ ರಕ್ತದೊತ್ತಡ, ಹರ್ನಿಯಾ ಇರುವವರು ಹಾಗೂ ಬಾಣಂತಿಯರು ವೈದ್ಯರನ್ನು ಕೇಳಿಯೇ ತೊಡಗತಕ್ಕದ್ದು.

ಉಳಿದ ಅರ್ಧಶಕ್ತಿ ದಿನದ ಕಾಯಕಕ್ಕೆ ಬೇಕು. ಅದನ್ನೂ ಕಸಿದುಕೊಳ್ಳುವ ವ್ಯಾಯಾಮವು ಆರೋಗ್ಯಸಾಧನವಲ್ಲ, ಆಯಾಸ ಮಾತ್ರ.