ಸೂಟಿಯ ವೇಳಾಪತ್ರಿಕೆ



ಯುಗಾದಿ ಕಳೆದ ಬಳಿಕ ಒಂದು ಸೋಮವಾರ ಸಂಜೆ ಹುಬ್ಬಳ್ಳಿಯ ತಾಯಿಯೊಬ್ಬರು ತಮ್ಮ ಇಬ್ಬರು ಮಕ್ಕಳೊಡನೆ ಶ್ರೀಮಠಕ್ಕೆ ಬಂದಿದ್ದರು. ಅವರ ಯಜಮಾನರು ನಮ್ಮ ಪ್ರಸಾದನಿಲಯದಲ್ಲಿಯೇ ಆರು ವರ್ಷ ಇದ್ದು ಓದಿದವರು. ಈಗ ಒಳ್ಳೆಯ ಹುದ್ದೆಯಲ್ಲಿದ್ದಾರೆ. ಹಣ್ಣುಕಾಯಿಯ ತಟ್ಟೆಯಲ್ಲಿ ಆ ತಾಯಿ ಮಡಿಸಿದ ಕಾಗದವೊಂದನ್ನೂ ಇಟ್ಟಿದ್ದರು. ಬಿಡಿಸಿ ನೋಡಿದರೆ ಅದು ಮಕ್ಕಳ ಬೇಸಿಗೆಯ ರಜೆಯ ವೇಳಾಪತ್ರಿಕೆ. ಏಪ್ರಿಲ್ 11ರಿಂದ ಮೇ 28ರವರೆಗೆ ಸರಿಯಾಗಿ 48 ದಿನ, ಅಂದರೆ ಒಂದು ಮಂಡಲ ಕಾಲ. ವ್ರತ ಹಿಡಿದವರೂ ಇಷ್ಟು ಅಚ್ಚುಕಟ್ಟಾಗಿ ಮಂಡಲವನ್ನು ಲೆಕ್ಕ ಹಾಕಲಾರರು!

"ಅಜ್ಜಾರ, ಈ ಸೂಟಿಯೊಳಗ ಹುಡುಗರನ್ನ ಒಂದು ತಾಸೂ ಖಾಲಿ ಬಿಡಬಾರದಂತ ಮಾಡೇನ್ರಿ. ಎಲ್ಲೂ ಕಳಸೂದಿಲ್ಲ, ಮನ್ಯಾಗ ಇಟಗೊಂಡು ಎಲ್ಲಾ ಕಲಸ್ತೀನಿ. ಆಶೀರ್ವಾದ ಮಾಡ್ರಿ" ಎಂದರು.

ಕಾಗದವನ್ನು ಸಾವಧಾನವಾಗಿ ಓದಿದೆವು. ಮುಂಜಾನೆ ಐದೂವರೆಗೆ ಏಳುವುದು, ಯೋಗಾಸನ, ಅನಂತರ ಅಬಾಕಸ್, ಬರುವ ವರ್ಷದ ಗಣಿತವನ್ನು ಈಗಲೇ ಮುಗಿಸಲು ಎರಡು ತಾಸು, ಇಂಗ್ಲಿಷ್ ಸಂಭಾಷಣೆ, ಚಿತ್ರಕಲೆ, ಕೀಬೋರ್ಡ್, ಮೊಬೈಲಿನ ಮೂಲಕ ಚದುರಂಗದ ಪಾಠ, ರಾತ್ರಿ ಊಟಕ್ಕೆ ಮುನ್ನ ಅರ್ಧ ತಾಸು ವಚನ ಕಂಠಪಾಠ. ಈ ಕೊನೆಯದನ್ನು ನಮ್ಮ ಸಲುವಾಗಿ ಸೇರಿಸಿದ್ದರೋ ಏನೋ, ಅದರ ಶಾಯಿ ಮಾತ್ರ ಬೇರೆಯಾಗಿತ್ತು.

ಮಗನನ್ನು ಹತ್ತಿರ ಕರೆದು ಕೇಳಿದೆವು: "ತಮ್ಮಾ, ನಾಳೆ ನೀ ಮನ್ಯಾಗ ಇಲ್ಲಂದ್ರ ಯಾವ ಕೆಲಸ ನಿಲ್ತೈತಿ?" ಬಾಲಕ ತಾಯಿಯ ಮುಖ ನೋಡಿದ. ಬಹಳ ಹೊತ್ತು ವಿಚಾರ ಮಾಡಿ, "ಯಾವದೂ ಇಲ್ರಿ ಅಜ್ಜಾರ" ಎಂದ. ಒಂಬತ್ತನೆಯ ತರಗತಿಯನ್ನು ಮುಗಿಸಿದ ಅಕ್ಕನಿಗೂ ಅದೇ ಪ್ರಶ್ನೆಯನ್ನು ಹಾಕಿದೆವು. ಅವಳು ಕ್ಷಣವೂ ತಡೆಯದೆ, "ಬಾಂಡೆ ತಿಕ್ಕೂದು ನಿಲ್ತೈತ್ರಿ" ಎಂದು ನಕ್ಕುಬಿಟ್ಟಳು. ತಾಯಿಯವರ ಕಾಗದದಲ್ಲಿ ಬಾಂಡೆಯ ಸುದ್ದಿಯೇ ಇರಲಿಲ್ಲ.

ಈ ಲೇಖನಕ್ಕೆ ಆ ಎರಡು ಉತ್ತರಗಳೇ ಕಾರಣ.

ಆ ತಾಯಿಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ತನ್ನ ಮಕ್ಕಳ ರಜೆ ವ್ಯರ್ಥವಾಗಬಾರದೆಂದು ರಾತ್ರಿ ಕುಳಿತು ಬಣ್ಣದ ಪೆನ್ಸಿಲಿನಿಂದ ಗೆರೆ ಎಳೆದ ತಾಯಿ ಪೂಜ್ಯಳೇ ಸರಿ. ಅವರ ಭಯವೂ ನಿಜವಾದುದು. 2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳಿಗೆ ಬೀಗ ಬಿದ್ದ ಮೇಲೆ ಪಾಠದ ನೆಪದಿಂದ ಮಕ್ಕಳ ಕೈಗೆ ಬಂದ ಮೊಬೈಲು, ಶಾಲೆಗಳು ತೆರೆದ ಮೇಲೆ ಅವರ ಕೈಬಿಡಲಿಲ್ಲ. ಖಾಲಿ ತಾಸು ಎಂದರೆ ಮೊಬೈಲಿನ ತಾಸು ಎಂಬುದು ಇಂದಿನ ಮನೆಗಳ ಅನುಭವ. ಆದ್ದರಿಂದ ಖಾಲಿ ತಾಸೇ ಇರಬಾರದೆಂದು ತಾಯಂದಿರು ಹೊರಟಿದ್ದಾರೆ. ರೋಗವನ್ನು ಸರಿಯಾಗಿಯೇ ಗುರುತಿಸಿದ್ದಾರೆ. ನಾವು ಒಪ್ಪದಿರುವುದು ಔಷಧವನ್ನು.

ಆ ಕಾಗದವನ್ನು ಮತ್ತೊಮ್ಮೆ ನೋಡಿರಿ. ಬೆಳಗಿನಿಂದ ರಾತ್ರಿಯವರೆಗೆ ಯಾರೋ ಕೊಡುತ್ತಾರೆ, ಮಗು ತೆಗೆದುಕೊಳ್ಳುತ್ತದೆ. ಮಗು ಮನೆಗೆ ಏನನ್ನಾದರೂ ಕೊಡುವ, ಮನೆ ಅದನ್ನು ಎದುರು ನೋಡುವ, ಕೊಡದಿದ್ದರೆ ಮನೆಗೆ ತೊಂದರೆಯಾಗುವ ಒಂದು ತಾಸಾದರೂ ಆ 48 ದಿನಗಳಲ್ಲಿ ಇಲ್ಲ. ಮನೆಯಲ್ಲಿಯೇ ಇಟ್ಟುಕೊಂಡು ಕಲಿಸುವೆನೆಂದು ಹೇಳಿದ ತಾಯಿ ಮನೆಯನ್ನೇ ಶಾಲೆಯನ್ನಾಗಿ ಮಾಡಿದರು. ಮಗು ಅಲ್ಲಿ ಛತ್ರಕ್ಕೆ ಬಂದ ಯಾತ್ರಿಕನಾಯಿತು. ಯಾತ್ರಿಕನಿಗೆ ಊಟ ಉಂಟು, ಹಾಸಿಗೆ ಉಂಟು, ಆದರೆ ಛತ್ರ ಅವನಿಂದ ನಡೆಯುವುದಿಲ್ಲ. ಇನ್ನು ತಂದೆ? ಕಾಗದದಲ್ಲಿ ತಂದೆಗೆ ಒಂದೇ ಕೆಲಸ, ಶುಲ್ಕ ಕಟ್ಟುವುದು.

ನಮ್ಮ ಧಾರವಾಡ, ಹಾವೇರಿ, ಗದಗ ಸೀಮೆಯಲ್ಲಿ ಬೇಸಿಗೆಯೆಂದರೆ ಮನೆ ಅತ್ಯಂತ ಗಡಿಬಿಡಿಯಿಂದ ಇರುವ ಕಾಲ. ಏಪ್ರಿಲ್ ನಡುವೆ ಅಶ್ವಿನಿ ಮಳೆ ಕೂಡುತ್ತದೆ. ಅದರ ಹಿಂದೆ ಭರಣಿ, ಕೃತ್ತಿಕೆ. ಮೇ 25ರ ಸುಮಾರಿಗೆ ರೋಹಿಣಿ. ಶಾಲೆಯ ರಜೆ ಅಶ್ವಿನಿಯಿಂದ ರೋಹಿಣಿಯವರೆಗಿನ ಈ ನಾಲ್ಕು ಮಳೆಗಳ ನಡುವೆ ಬರುತ್ತದೆ. ವರ್ಷದ ಸಾಮಗ್ರಿಯೆಲ್ಲವೂ ರೋಹಿಣಿಗೆ ಮುನ್ನ ಒಣಗಿ ಮನೆಯೊಳಗೆ ಸೇರಬೇಕು. ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಒಣಗಿಸಿ, ಖಾರ ಕುಟ್ಟಿಸಬೇಕು. ಹುಣಸೆಹಣ್ಣಿನ ಬೀಜ ತೆಗೆದು ಉಪ್ಪು ಬೆರೆಸಿ ಇಡಬೇಕು. ಶಾವಿಗೆ, ಹಪ್ಪಳ, ಸಂಡಿಗೆ ಆಗಬೇಕು; ಮಾವಿನಕಾಯಿ ಹದವಾಗಿರುವಾಗಲೇ ಉಪ್ಪಿನಕಾಯಿ ಬೀಳಬೇಕು. ಮಣ್ಣಿನ ಮಾಳಿಗೆ ಇದ್ದವರು ಮಳೆ ಹಿಡಿಯುವ ಮೊದಲು ಅದರ ಮೇಲೆ ಹೊಸ ಮಣ್ಣು ಹಾಕಬೇಕು. ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆಯನ್ನು ಕಾಗೆಗಳಿಂದ ಕಾಯುವ ಅಧಿಕಾರ ಮನೆಯ ಅತಿ ಕಿರಿಯ ಮಗುವಿನದು. ನಿಮ್ಮಲ್ಲಿ ಎಷ್ಟೋ ಮಂದಿ ಕೋಲು ಹಿಡಿದು ಆ ಅಧಿಕಾರವನ್ನು ನಡೆಸಿದವರೇ. ಕಾಯುವವನೇ ಅರ್ಧ ಹಸಿ ಸಂಡಿಗೆಯನ್ನು ತಿಂದು, ಕಾಗೆಯ ಹೆಸರು ಹೇಳಿದ್ದೂ ಉಂಟು.

ಬಿತ್ತನೆಯ ಶೇಂಗಾ ಸುಲಿಯುವ ಕೆಲಸವನ್ನು ವಿಶೇಷವಾಗಿ ನೆನಪಿಸುತ್ತೇವೆ. ಯಂತ್ರಕ್ಕೆ ಕೊಟ್ಟರೆ ಕಾಳು ಒಡೆಯುವ ಭಯ, ಒಡೆದ ಕಾಳು ಮೊಳೆಯದು. ಆದ್ದರಿಂದ ಬೀಜಕ್ಕಾಗಿ ಇಟ್ಟ ಕಾಯಿಯನ್ನು ಮನೆಮಂದಿಯೆಲ್ಲ ಸುತ್ತ ಕುಳಿತು ಕೈಯಿಂದಲೇ ಸುಲಿಯುತ್ತಾರೆ. ಎಂಟು ವರ್ಷದ ಮಗುವೂ ಅಲ್ಲಿ ಕೂರುತ್ತದೆ. ಅಜ್ಜಿ ಅದರ ಮುಂದಿನ ರಾಶಿಯಲ್ಲಿ ಕೈಯಾಡಿಸಿ, ಒಡೆದ ಕಾಳನ್ನು ಆರಿಸಿ ಬೇರೆ ಬುಟ್ಟಿಗೆ ಹಾಕುತ್ತಾಳೆ, ಬೈಯುವುದಿಲ್ಲ. ಮರುದಿನ ಆ ಮಗು ತಾನಾಗಿಯೇ ಬೆರಳನ್ನು ಹಗುರ ಮಾಡುತ್ತದೆ. ತನ್ನ ಬೆರಳಿಗೂ ಬರುವ ಫಸಲಿಗೂ ಸಂಬಂಧವುಂಟೆಂದು ಅದಕ್ಕೆ ಯಾವ ತರಬೇತಿ ಶಿಬಿರದಲ್ಲಿ ಹೇಳಿಕೊಡಲು ಸಾಧ್ಯ?

ನಾವು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ 1937ರ ವಾರ್ಧಾ ಸಮ್ಮೇಳನದ ವಿಷಯವಾಗಿ ಪರೀಕ್ಷೆಯಲ್ಲಿ ಉತ್ತರ ಬರೆದು ಬಂದವರು. ಶಿಕ್ಷಣವು ಒಂದು ಕೈಕಸಬಿನ ಸುತ್ತ ಬೆಳೆಯಬೇಕೆಂದು ಗಾಂಧೀಜಿ ಅಲ್ಲಿ ಪ್ರತಿಪಾದಿಸಿದರು. ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮವನ್ನು ರೂಪಿಸಿತು. ಮುಂದೆ ಆದದ್ದೇನು? ಎಷ್ಟೋ ಶಾಲೆಗಳಲ್ಲಿ ಕಸಬು ವಾರಕ್ಕೊಂದು ಪಿರಿಯಡ್ ಆಯಿತು. ತಕಲಿಯಿಂದ ತೆಗೆದ ನೂಲನ್ನು ಯಾರೂ ನೇಯಲಿಲ್ಲ, ಯಾರೂ ಉಡಲಿಲ್ಲ. ತೋರಿಸಿ ಅಂಕ ಪಡೆದು ಎಸೆದರು. ಯಾರಿಗೂ ಬೇಡವಾದ ಕೆಲಸವು ಮಗುವಿಗೂ ಬೇಡವಾಗುತ್ತದೆ. ಇಂದು ಪಟ್ಟಣಗಳಲ್ಲಿ 'ಜೀವನ ಕೌಶಲ' ಎಂಬ ಹೆಸರಿನಲ್ಲಿ ಹಣ ತೆಗೆದುಕೊಂಡು ಮಕ್ಕಳಿಂದ ರೊಟ್ಟಿ ತಟ್ಟಿಸಿ, ಛಾಯಾಚಿತ್ರ ತೆಗೆದು, ಪ್ರಮಾಣಪತ್ರ ಕೊಟ್ಟು ಕಳುಹಿಸುವವರಿದ್ದಾರೆ. ಆ ರೊಟ್ಟಿಯನ್ನು ಯಾರು ಉಂಡರು ಎಂದು ನಾವು ಒಬ್ಬ ಸಂಚಾಲಕರನ್ನು ಕೇಳಿದೆವು. ಅವರಿಗೆ ಪ್ರಶ್ನೆಯೇ ತಿಳಿಯಲಿಲ್ಲ.

ಪ್ರಸಾದನಿಲಯದ ಹಳೆಯ ವಿದ್ಯಾರ್ಥಿಗಳೇ, ಈಗ ನಿಮ್ಮೊಡನೆ ನೇರವಾಗಿ ಮಾತನಾಡುತ್ತೇವೆ. ಹಳ್ಳಿಗಳಿಂದ ಭಕ್ತರು ಕೊಟ್ಟ ಜೋಳ ಚೀಲಗಳಲ್ಲಿ ಬಂದಾಗ ಅದರ ಕಲ್ಲು ಆರಿಸಿದವರು ಯಾರು? ಹಿಟ್ಟು ನಾದುವ ಪಾಳಿ, ಕಟ್ಟಿಗೆಯ ಪಾಳಿ, ಪಂಕ್ತಿಗೆ ನೀಡುವ ಪಾಳಿ ಗೋಡೆಯ ಮೇಲೆ ಬರೆದಿರುತ್ತಿತ್ತು. ನಿಮ್ಮ ಪಾಳಿಯ ದಿನ ನೀವು ಮಲಗಿಬಿಟ್ಟರೆ ಇನ್ನೂರು ಮಂದಿಯ ಊಟ ತಡವಾಗುತ್ತಿತ್ತು. ಹದಿಮೂರು ವರ್ಷದ ಬಡ ಹುಡುಗನನ್ನು ಇನ್ನೂರು ಮಂದಿ ಕಾಯುತ್ತಿದ್ದರು! ಅಂದು ನೀವು ಗೊಣಗಿದ್ದೀರಿ. ನಮಗೆ ಗೊತ್ತು, ನಾವೂ ಗೊಣಗಿದ್ದೇವೆ. ಇಂದು ನಿಮ್ಮ ಮಕ್ಕಳ ವಿಷಯ ಬಂದಾಗ ನೀವೆಲ್ಲರೂ ಆಡುವ ಮಾತು ಒಂದೇ: "ನಾವು ಪಟ್ಟ ಕಷ್ಟ ಮಕ್ಕಳು ಪಡಬಾರದು." ಹಸಿವು ಕಷ್ಟ, ಶುಲ್ಕಕ್ಕೆ ಹಣವಿಲ್ಲದೆ ಪರರ ಬಾಗಿಲಲ್ಲಿ ನಿಲ್ಲುವುದು ಕಷ್ಟ, ಅವು ನಿಮ್ಮ ಮಕ್ಕಳಿಗೆ ಬಾರದಿರಲಿ. ಆದರೆ ಪಾಳಿಯನ್ನೂ ಕಷ್ಟದ ಗಂಟಿನಲ್ಲಿ ಕಟ್ಟಿ ಹೊರಗೆ ಎಸೆದಿರಲ್ಲ, ಅದನ್ನು ನಾವು ಒಪ್ಪಲಾರೆವು.

ಆಕ್ಷೇಪಣೆಗಳು ಬರುತ್ತವೆ. ನಾವು ಪಟ್ಟಣದಲ್ಲಿದ್ದೇವೆ, ಮಾಳಿಗೆ ಎಲ್ಲಿ, ಶೇಂಗಾ ಎಲ್ಲಿ ಎನ್ನುವಿರಿ. ಮನೆಗೆ ನಳದ ನೀರು ಬರುವುದಿಲ್ಲವೇ? ಬರುವ ಹೊತ್ತು ನೋಡಿ ತುಂಬಿಡುವವರು ಯಾರು? ಹಾಲಿನ ಲೆಕ್ಕ, ಅಜ್ಜನ ರಕ್ತದೊತ್ತಡದ ಗುಳಿಗೆ, ಒಂದು ಹೊತ್ತಿನ ಅನ್ನ ಸಾರು, ಇವುಗಳಲ್ಲಿ ಒಂದನ್ನು 48 ದಿನ ಪೂರ್ತಿಯಾಗಿ ಮಗುವಿಗೆ ಒಪ್ಪಿಸಿರಿ. ಒಪ್ಪಿಸಿದ ಮೇಲೆ ಹಿಂದೆ ನಿಂತು ತಿದ್ದಬೇಡಿರಿ. ಸಾರಿಗೆ ಉಪ್ಪು ಹೆಚ್ಚಾದರೆ ಮನೆಯವರೆಲ್ಲ ಆ ಸಾರನ್ನೇ ಉಣ್ಣಿರಿ. (ಗುಳಿಗೆಯ ವಿಷಯದಲ್ಲಿ ಮಾತ್ರ ಹಿರಿಯರ ಕಣ್ಣು ಇರಲಿ.) ಸ್ಪರ್ಧೆಯ ಯುಗ, ಹಿಂದೆ ಬೀಳುತ್ತಾರೆ ಎಂಬುದು ಇನ್ನೊಂದು ಆಕ್ಷೇಪಣೆ. ದಿನಕ್ಕೆ ಒಂದು ತಾಸು ಮನೆಗೆ ಕೊಟ್ಟದ್ದರಿಂದ ಹಿಂದೆ ಬೀಳುವ ವಿದ್ಯೆಯನ್ನು ಮುಂದೆ ಹಿಡಿದು ನಿಲ್ಲಿಸುವುದು ಯಾರಿಂದಲೂ ಆಗದು.

ಮೂರನೆಯದು ಗಂಭೀರವಾದುದು. ಸ್ವಾಮಿಗಳು ಮಕ್ಕಳಿಂದ ದುಡಿಸಲು ಹೇಳುತ್ತಿದ್ದಾರೆ ಎಂದಾರು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದಾಗ 14 ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು ಎಲ್ಲ ಉದ್ಯೋಗಗಳಲ್ಲಿಯೂ ನಿಷೇಧಿಸಿ, ಶಾಲೆ ಬಿಟ್ಟ ಮೇಲೆ ಹಾಗೂ ರಜೆಯಲ್ಲಿ ತನ್ನ ಮನೆಯವರಿಗೆ ಅಪಾಯವಿಲ್ಲದ ಕೆಲಸದಲ್ಲಿ ನೆರವಾಗುವುದಕ್ಕೆ ಅವಕಾಶವನ್ನು ಉಳಿಸಲಾಯಿತು. ಈ ಅವಕಾಶವೇ ಬಡವರ ಮಕ್ಕಳ ಪಾಲಿಗೆ ಬಲೆಯಾಗುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಮನೆಯ ನೆರವು ಎಂಬ ಹೆಸರಿನಲ್ಲಿ ಕೂಲಿಗೆ ಹೋದ ಮಗು ಜೂನ್ ತಿಂಗಳಿನಲ್ಲಿ ಶಾಲೆಗೆ ಮರಳುವುದಿಲ್ಲ. ಅಂಥ ಮನೆಗಳಿಗೆ ರಜೆಯೆಂದರೆ ಶಾಲೆಯ ಬಿಸಿಯೂಟ ನಿಲ್ಲುವ ಕಾಲ. ರಾಜ್ಯದ 223 ತಾಲೂಕುಗಳನ್ನು ಬರಪೀಡಿತವೆಂದು ಸಾರಿದ ವರ್ಷ, 2024ರ ಬೇಸಿಗೆಯಲ್ಲಿ, ಆ ತಾಲೂಕುಗಳಲ್ಲಿ ರಜೆಯಲ್ಲಿಯೂ ಊಟ ಹಾಕಬೇಕಾಯಿತು. ಈ ಲೇಖನ ಆ ಮನೆಗಳನ್ನು ಉದ್ದೇಶಿಸಿದ್ದಲ್ಲ. ಅವರ ಮಕ್ಕಳಿಗೆ ಬೇಕಾದದ್ದು ವಿಶ್ರಾಂತಿ ಮತ್ತು ಪುಸ್ತಕ. ತನ್ನ ಊಟದ ತಟ್ಟೆಯನ್ನು ತಾನು ಎತ್ತಿಡದ ಮಗುವಿನ ತಂದೆ, ಅನ್ಯರ ಮಗುವಿನ ದುಡಿಮೆಯನ್ನು ತೋರಿಸಿ ತನ್ನ ಮಗುವನ್ನು ಸಮರ್ಥಿಸಬಾರದು ಎಂಬುದಷ್ಟೇ ನಮ್ಮ ಮಾತು.

ಆ ಬಾಲಿಕೆಯ ಉತ್ತರಕ್ಕೆ ಬರೋಣ. ಅವಳು ನಕ್ಕದ್ದು ನಮಗೆ ಚುಚ್ಚಿತು. ಕಾಗದದಲ್ಲಿ ಅಕ್ಕತಮ್ಮಂದಿರಿಗೆ ಸಮಾನವಾದ ತಾಸುಗಳಿದ್ದವು. ಅಬಾಕಸ್ ಇಬ್ಬರಿಗೂ, ಗಣಿತ ಇಬ್ಬರಿಗೂ. ಆದರೆ ಬಾಂಡೆ ಅವಳಿಗೆ ಮಾತ್ರ, ಅದೂ ಕಾಗದದ ಹೊರಗೆ, ಲೆಕ್ಕಕ್ಕೆ ಇಲ್ಲದೆ. ತಮ್ಮನಿಗೆ ಮನೆಯಲ್ಲಿ ಕೆಲಸವೇ ಇಲ್ಲ, ಅಕ್ಕನ ಕೆಲಸಕ್ಕೆ ಹೆಸರೇ ಇಲ್ಲ. ಇದು ಹುಬ್ಬಳ್ಳಿಯ ಒಂದು ಮನೆಯ ಸಂಗತಿಯೆಂದು ತಿಳಿಯಬೇಡಿರಿ. ಲಿಂಗಭೇದವಿಲ್ಲವೆಂದು ವೇದಿಕೆಯ ಮೇಲೆ ಭಾಷಣ ಮಾಡಿ, ಮನೆಗೆ ಬಂದು ಕುಡಿದ ನೀರಿನ ಲೋಟವನ್ನು ಕುರ್ಚಿಯ ಕೆಳಗೆ ಇಡುವ ಭಕ್ತರನ್ನು ನಾವು ಬಲ್ಲೆವು. ಗಂಡುಮಕ್ಕಳೇ ತುಂಬಿದ್ದ ನಮ್ಮ ಪ್ರಸಾದನಿಲಯದಲ್ಲಿ ಹಿಟ್ಟು ನಾದಿದ ಕೈಗಳು ಮದುವೆಯಾದ ಮರುದಿನವೇ ಅದನ್ನು ಮರೆತದ್ದು ಹೇಗೆ? ನಿಮ್ಮ ಮನೆಯ ವೇಳಾಪತ್ರಿಕೆಯಲ್ಲಿ ಬಾಂಡೆಯನ್ನೂ ಬರೆಯಿರಿ. ಅದರ ಎದುರಿಗೆ ತಂದೆಯ ಹೆಸರನ್ನೂ ಮಗನ ಹೆಸರನ್ನೂ ದಿನಾಂಕದೊಡನೆ ಬರೆಯಿರಿ.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಶ್ರೀಮಠವೂ ಹಲವು ವರ್ಷಗಳಿಂದ ಮೇ ತಿಂಗಳಲ್ಲಿ ಹತ್ತು ದಿನಗಳ ಬಾಲಶಿಬಿರವನ್ನು ನಡೆಸುತ್ತಿದೆ. ತಂದೆತಾಯಿಗಳು ಕಾರಿನಲ್ಲಿ ಬಂದು ಮಕ್ಕಳನ್ನು ಇಳಿಸಿ, ನಮಸ್ಕರಿಸಿ ಹೋಗುತ್ತಾರೆ. ಹತ್ತನೆಯ ದಿನ ಬಂದು ಪ್ರಮಾಣಪತ್ರದೊಡನೆ ಕರೆದೊಯ್ಯುತ್ತಾರೆ. ಅಡಿಗೆಯವರನ್ನು ನಾವು ಸಂಬಳ ಕೊಟ್ಟು ಕರೆಸುತ್ತಿದ್ದೆವು, ಮಕ್ಕಳು ಕುಳಿತು ಉಣ್ಣುತ್ತಿದ್ದರು. ಹುಬ್ಬಳ್ಳಿಯ ಆ ತಾಯಿಯ ಕಾಗದವನ್ನು ಓದುತ್ತಿದ್ದಾಗ ನಮಗೆ ನಮ್ಮ ಶಿಬಿರದ ಕರಪತ್ರವೇ ಕಣ್ಮುಂದೆ ಬಂದಿತು.

ಈ ವರ್ಷ ಶಿಬಿರದ ಅಡಿಗೆಮನೆ ಪಾಳಿಯ ಮೇಲೆ ನಡೆಯುವುದು. ಪ್ರತಿ ಮಗುವಿನೊಡನೆ ತಂದೆ ಅಥವಾ ತಾಯಿ ಒಂದು ದಿನ ಇದ್ದು ಅದೇ ಪಾಳಿಯಲ್ಲಿ ಕೆಲಸ ಮಾಡಬೇಕು. ತಂದೆಯೇ ಬಂದರೆ ನಮಗೆ ಹೆಚ್ಚಿನ ಸಂತೋಷ. ಅರ್ಜಿಯಲ್ಲಿ ಹೊಸದಾಗಿ ಒಂದು ಅಂಕಣವನ್ನು ಸೇರಿಸಿದ್ದೇವೆ: "ಈ ಮಗು ಮನೆಯಲ್ಲಿ ಇಲ್ಲದಿದ್ದರೆ ಯಾವ ಕೆಲಸ ನಿಲ್ಲುತ್ತದೆ?" ಅದನ್ನು ಖಾಲಿ ಬಿಟ್ಟ ಅರ್ಜಿಗಳನ್ನು ತುಂಬಿ ತರಲು ಹಿಂದಿರುಗಿಸಲಾಗುವುದು. ಅರ್ಜಿಗಳು ಶ್ರೀಮಠದ ಕಾರ್ಯಾಲಯದಲ್ಲಿ ಮುಂಜಾನೆ ಹತ್ತು ಗಂಟೆಯಿಂದ ದೊರೆಯುತ್ತವೆ. ಹುಬ್ಬಳ್ಳಿಯ ತಾಯಿಯವರು ಎರಡನ್ನು ಒಯ್ದಿದ್ದಾರೆ. ಮಗಳದು ಅಂದೇ ತುಂಬಿ ಬಂದಿತು. ಮಗನದು ಇನ್ನೂ ಬರಬೇಕಾಗಿದೆ.