ರೂಪಾಯಿಗೆ ಆರು ಪೈಸೆ ಕೊಟ್ಟವರ ಕನ್ನಡ ಎಲ್ಲಿ?

ತುಮಕೂರಿನಿಂದ ಬೆಂಗಳೂರಿಗೆ ದಿನಾ ಹೋಗಿ ಬರುವವರು ಎಷ್ಟು ಜನ ಅಂತ ತಿಳಿಯಬೇಕಾದರೆ ಬೆಳಿಗ್ಗೆ ಆರೂವರೆಗೆ ಬಸ್ ನಿಲ್ದಾಣಕ್ಕೆ ಹೋಗಿ ನಿಂತರೆ ಸಾಕು. ಹತ್ತಿರ ಹತ್ತಿರ ಎಪ್ಪತ್ತು ಕಿಲೋಮೀಟರು ದಾರಿ. ದಾಬಸ್‌ಪೇಟೆ ತನಕ ನಿದ್ದೆ, ನೆಲಮಂಗಲದ ತನಕ ಫೋನು, ಆಮೇಲೆ ಗೊರಗುಂಟೆಪಾಳ್ಯದ ಟ್ರಾಫಿಕ್ಕಿಗೆ ಶಾಪ. ಈ ಜನರ ಮಧ್ಯೆ ಒಬ್ಬಿಬ್ಬರ ಕೈಯಲ್ಲಿ ಸ್ಲೇಟಿನಂಥ ಒಂದು ವಸ್ತು ಕಾಣುತ್ತದೆ. ಫೋನಿನ ಹಾಗೆ ಮಿನುಗುವುದಿಲ್ಲ, ಸದ್ದು ಮಾಡುವುದಿಲ್ಲ. ಏನ್ರೀ ಅದು ಅಂದರೆ, ‘ಪುಸ್ತಕ ಓದೋ ಯಂತ್ರ ಸಾರ್, ಇ-ರೀಡರ್’ ಅಂತಾರೆ. ಕನ್ನಡ ಬರುತ್ತಾ ಅಂದರೆ ಮಾತ್ರ ಸ್ವಲ್ಪ ತಡವರಿಸಿ, ‘ಬರುತ್ತೆ, ಬರಲ್ಲ’ ಅಂತಾರೆ.

ಈ ‘ಬರುತ್ತೆ, ಬರಲ್ಲ’ ಅನ್ನುವ ಉತ್ತರದ ಬಗ್ಗೆಯೇ ಇವತ್ತಿನ ಮಾತು. ಅದಕ್ಕೂ ನಮ್ಮ ಮಂಡಿಪೇಟೆ ಅಂಗಡಿಯವರು ಕಟ್ಟುವ ಕಂದಾಯಕ್ಕೂ ಸಂಬಂಧ ಇದೆ. ಹೇಗೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಯಂತ್ರದ ವಿಚಾರ. ಇದು ಫೋನಿನ ತಮ್ಮನಲ್ಲ, ಸ್ಲೇಟಿನ ಮೊಮ್ಮಗ. ಅಮೆರಿಕದ ಮೆಸಾಚುಸೆಟ್ಸಿನ ಎಂ.ಐ.ಟಿ.ಯಲ್ಲಿ ಕೆಲಸ ಮಾಡಿದವರು 1997ರಲ್ಲಿ ಇ-ಇಂಕ್ ಅನ್ನುವ ಕಂಪನಿ ಕಟ್ಟಿದರು. ಅವರ ಪರದೆಯೊಳಗೆ ಕೂದಲಿನಷ್ಟು ಸಣ್ಣ ಗುಳಿಗೆಗಳು ಲಕ್ಷಗಟ್ಟಲೆ. ಒಂದೊಂದರಲ್ಲೂ ಕರಿ ಕಣ, ಬಿಳಿ ಕಣ. ವಿದ್ಯುತ್ತಿನ ಒಂದು ತಟ್ಟು ಕೊಟ್ಟರೆ ಕರಿಯದು ಮೇಲೆ ಬರುತ್ತದೆ, ತಿರುಗಿಸಿ ಕೊಟ್ಟರೆ ಬಿಳಿಯದು. ಹಾಗೆ ಬಂದದ್ದು ಅಲ್ಲೇ ನಿಲ್ಲುತ್ತದೆ, ಕರೆಂಟು ಬೇಡ. ಪುಟ ತಿರುಗಿಸುವಾಗ ಮಾತ್ರ ಖರ್ಚು. ಆದ್ದರಿಂದಲೇ ಒಮ್ಮೆ ಚಾರ್ಜು ಮಾಡಿದರೆ ವಾರಗಟ್ಟಲೆ ಬರುವುದು. ಬಿಸಿಲಲ್ಲಿ ಫೋನು ಕನ್ನಡಿಯಾಗುತ್ತದೆ, ಇದು ಕಾಗದದ ಹಾಗೆ ಇನ್ನೂ ಚೆನ್ನಾಗಿ ಕಾಣುತ್ತದೆ. ಸೋನಿಯವರು 2004ರಲ್ಲಿ ಜಪಾನಿನಲ್ಲಿ ಇಂಥದ್ದೊಂದು ತಂದರು. 2007ರ ನವೆಂಬರಿನಲ್ಲಿ ಅಮೆಜಾನ್ ಕಂಪನಿ ಕಿಂಡಲ್ ತಂದಿತು. ಹೆಸರು ಊರೂರಿಗೆ ಹರಡಿದ್ದು ಆಮೇಲೆ.

ಬಸ್ಸಿನಲ್ಲಿ ಓದುವವರಿಗೆ ಇದರ ಉಪಕಾರ ದೊಡ್ಡದು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಎಂಥ ದಪ್ಪ ಪುಸ್ತಕ ಅಂತ ಓದಿದವರಿಗೆ ಗೊತ್ತು. ಸೀಟು ಸಿಗದೆ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತವನು ಅದನ್ನು ಇನ್ನೊಂದು ಕೈಯಲ್ಲಿ ಬಿಡಿಸಿ ಹಿಡಿಯುವುದು ಸಾಧ್ಯವೇ? ಈ ಯಂತ್ರದ ತೂಕ ಸಾಮಾನ್ಯವಾಗಿ ಇನ್ನೂರು ಗ್ರಾಂ ಆಚೀಚೆ. ಹೆಬ್ಬೆರಳು ಒತ್ತಿದರೆ ಪುಟ ತಿರುಗುತ್ತದೆ. ಬಿಟ್ಟಲ್ಲಿಂದ ಮತ್ತೆ ತಾನೇ ತೆರೆಯುತ್ತದೆ, ಟಿಕೀಟನ್ನು ಗುರುತಿಗೆ ಇಟ್ಟು ಆಮೇಲೆ ಚೆಕಿಂಗ್‌ನವರಿಗೆ ಹುಡುಕಿ ಕೊಡುವ ಪಾಡಿಲ್ಲ. ಓದುತ್ತಿರುವಾಗ ನಡುವೆ ಮೆಸೇಜು ಬಂದು ಮನಸ್ಸು ಕೆಡಿಸುವುದಿಲ್ಲ, ನನಗೆ ಕೇಳಿದರೆ ಇದೇ ಎಲ್ಲಕ್ಕಿಂತ ಲಾಭ.

ಅಂಗಡಿಯವರಿಗೆ ಏನು ಲಾಭ ಅನ್ನುತ್ತೀರಾ? ಚಾಳೀಸು! ನಲವತ್ತು ದಾಟಿದ ಮೇಲೆ ಗಲ್ಲಾಪೆಟ್ಟಿಗೆ ಮುಂದೆ ಕೂತು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಲ್ಲಿ ಕಾದಂಬರಿ ತೆರೆದರೆ ಅಕ್ಷರ ಇರುವೆ ಸಾಲಿನ ಹಾಗೆ ಓಡುತ್ತದೆ. ಪುಸ್ತಕವನ್ನು ದೂರ ಹಿಡಿದು ಹಿಡಿದು ತೋಳು ಸಾಲದೆ ಓದು ಬಿಟ್ಟವರು ನಮ್ಮಲ್ಲಿ ಬಹಳ ಜನ. ಈ ಯಂತ್ರದಲ್ಲಿ ಅಕ್ಷರವನ್ನು ಕಡಲೆಕಾಳಿನಷ್ಟು ಮಾಡಿಕೊಳ್ಳಬಹುದು. ಸಾಲು ತಾನೇ ಮುರಿದು ಮುಂದಿನ ಸಾಲಿಗೆ ಇಳಿಯುತ್ತದೆ. ಓದು ಬಿಟ್ಟವರು ವಾಪಸು ಬರಲು ಇದಕ್ಕಿಂತ ಸುಲಭದ ದಾರಿ ಕಾಣೆ.

ಆದರೆ ಇಷ್ಟೆಲ್ಲ ಇಂಗ್ಲಿಷಿಗೆ. ಕನ್ನಡಕ್ಕೆ ಬಂದಾಗ ಕಥೆ ಬೇರೆ.

2016ರ ಡಿಸೆಂಬರಿನಲ್ಲಿ ಅಮೆಜಾನಿನವರು ಕಿಂಡಲ್ಲಿಗೆ ಭಾರತೀಯ ಭಾಷೆಗಳ ಪುಸ್ತಕ ತಂದರು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಐದೇ. ಆ ದಿನದ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ನಮ್ಮವರು ಕಡಿಮೆ ಅಂತಲೋ? 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಅಂದವರು 4 ಕೋಟಿ 37 ಲಕ್ಷ, ಮಲಯಾಳಂ ಅಂದವರು 3 ಕೋಟಿ 48 ಲಕ್ಷ. ಅಂದಮೇಲೆ ತಲೆ ಎಣಿಸಿ ಮಾಡಿದ ಪಟ್ಟಿಯಲ್ಲ. ಎಂಟು ಕೋಟಿ ಜನರ ತೆಲುಗು, ಅದಕ್ಕೂ ದೊಡ್ಡ ಬಂಗಾಳಿಯೂ ಅಂದು ಹೊರಗೇ ಇದ್ದವು. ಆದ್ದರಿಂದ ಕನ್ನಡಕ್ಕೆ ಮಾತ್ರ ಅನ್ಯಾಯ ಆಯಿತು ಅಂತ ಕೂಗಿದರೆ ಅದು ಪೂರ್ತಿ ನಿಜವಾಗದು. ವ್ಯಾಪಾರಿ ತನ್ನ ಲೆಕ್ಕ ನೋಡಿಕೊಂಡ, ಅಷ್ಟೆ. ಅಂಗಡಿ ಇಟ್ಟವರಿಗೆ ಇದು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಕಡೆಯಿಂದ ಏನು ತಯಾರಿ ಇತ್ತು, ಅದನ್ನು ಕೇಳೋಣ. ಪೇಟೆಯ ಯಾವುದೇ ಡಿ.ಟಿ.ಪಿ. ಅಂಗಡಿಗೆ ಹೋಗಿ. ವರ್ಷಗಟ್ಟಲೆ ಲಗ್ನಪತ್ರಿಕೆಯಿಂದ ಕವನ ಸಂಕಲನದವರೆಗೆ ಎಲ್ಲವನ್ನೂ ಹಳೆಯ ಕಾಲದ ಫಾಂಟುಗಳಲ್ಲಿ ಹೊಡೆದಿದ್ದಾರೆ. ಕಾಗದದ ಮೇಲೆ ಅಚ್ಚುಕಟ್ಟಾಗಿ ಬರುತ್ತದೆ, ತಕರಾರಿಲ್ಲ. ಆದರೆ ಒಳಗುಟ್ಟು ಏನೆಂದರೆ, ಕಂಪ್ಯೂಟರಿನ ಹೊಟ್ಟೆಯಲ್ಲಿ ಇರುವುದು ಕನ್ನಡವೇ ಅಲ್ಲ, ಕನ್ನಡದ ಮುಖವಾಡ ಹಾಕಿಕೊಂಡ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಆ ಫಾಂಟು ಇಲ್ಲದ ಯಂತ್ರಕ್ಕೆ ಹಾಕಿದಿರೋ, ಮುಖವಾಡ ಕಳಚಿ ಬೀಳುತ್ತದೆ. ಪುಟದ ತುಂಬ ಯಾರೋ ಕೀಲಿಮಣೆ ಮೇಲೆ ಕೂತೆದ್ದ ಹಾಗೆ ಕಾಣುತ್ತದೆ. ಕನ್ನಡಕ್ಕೆ ಯೂನಿಕೋಡಿನಲ್ಲಿ ಸ್ವಂತ ಜಾಗ 1991ರಲ್ಲೇ ಸಿಕ್ಕಿತ್ತು ಸ್ವಾಮಿ. ಜಾಗ ಸಿಕ್ಕಿದರೂ ನಾವು ಬಾಡಿಗೆ ಮನೆಯಲ್ಲೇ ಕೂತೆವು. ಹಳೆಯದನ್ನು ಹೊಸದಕ್ಕೆ ಬದಲಿಸುವ ಸಾಧನಗಳು ಈಗ ಇವೆ, ಆದರೂ ಒತ್ತಕ್ಷರ, ಅರ್ಕಾವೊತ್ತು ಅಲ್ಲಲ್ಲಿ ಎಡವುತ್ತವೆ. ಒಬ್ಬರು ಕೂತು ಕರಡು ತಿದ್ದಲೇಬೇಕು.

ಇನ್ನೊಂದು ರೋಗ ಸ್ಕ್ಯಾನು. ಹಳೆಯ ಪುಸ್ತಕಗಳನ್ನು ಪುಟ ಪುಟ ಫೋಟೋ ತೆಗೆದು ಪಿ.ಡಿ.ಎಫ್. ಅಂತ ಇಟ್ಟಿರುತ್ತಾರೆ. ಉಳಿಸಿದ ಪುಣ್ಯ ಅವರದು, ಕೈ ಮುಗಿಯೋಣ. ಓದಲು ಮಾತ್ರ ಶಿಕ್ಷೆ. ಆರಿಂಚಿನ ಪರದೆಗೆ ಪೂರಾ ಪುಟ ಇಳಿಸಿದರೆ ಅಕ್ಷರ ಸಾಸಿವೆ. ದೊಡ್ಡದು ಮಾಡಿದರೆ ಸಾಲಿನ ಅರ್ಧ ಪರದೆಯ ಆಚೆ. ಆಗ ಬೆರಳಿನಿಂದ ಪುಟವನ್ನು ಎಡಕ್ಕೆ ಎಳಿ, ಬಲಕ್ಕೆ ಎಳಿ. ಬಸ್ಸು ಹಂಪ್ ಹಾರಿದಾಗ ಯಾವ ಸಾಲಿನಲ್ಲಿದ್ದೆ ಅನ್ನುವುದೇ ಮರೆತುಹೋಗುತ್ತದೆ. ಚಾಳೀಸಿನವರಿಗೆ ಬೇಕಾದ ಅನುಕೂಲವೇ ಇದರಲ್ಲಿ ಇಲ್ಲ.

ಕನ್ನಡದವರು ಸುಮ್ಮನೆ ಕೂತಿಲ್ಲ ಅನ್ನುವುದನ್ನೂ ಹೇಳಬೇಕು. ಮೈಲ್ಯಾಂಗ್ ಅನ್ನುವ ಕನ್ನಡದವರದೇ ಸಂಸ್ಥೆ ಇ-ಪುಸ್ತಕ, ಕೇಳುವ ಪುಸ್ತಕ ಎರಡನ್ನೂ ಮಾರುತ್ತಿದೆ. ರಾಜ್ಯ ಸರ್ಕಾರದ ಗ್ರಂಥಾಲಯ ಇಲಾಖೆ 2020ರಲ್ಲಿ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ತೆರೆಯಿತು. ಒಳ್ಳೆಯದೇ. ಆದರೆ ಎರಡೂ ಮುಖ್ಯವಾಗಿ ಫೋನು, ಕಂಪ್ಯೂಟರಿನ ಪರದೆಯನ್ನು ನಂಬಿದವು. ಕಣ್ಣು ಉರಿಯದ ಆ ಸ್ಲೇಟಿನ ಮೇಲೆ ಕನ್ನಡ ಕಾದಂಬರಿ ಸರಾಗವಾಗಿ ತೆರೆಯುವುದು ಇನ್ನೂ ಹುಡುಕಾಡಿ, ಫಾಂಟು ಹಾಕಿ, ತಿಳಿದವರನ್ನು ಕೇಳಿ ಮಾಡುವ ಕೆಲಸ.

ಕೊಂಡ ಪುಸ್ತಕ ನಿಮ್ಮದೇ ಅಂತ ತಿಳಿಯಬೇಡಿ, ಅದೂ ಒಂದು ಮಾತು. 2009ರ ಜುಲೈನಲ್ಲಿ ಅಮೆಜಾನಿನವರು ತಾವೇ ಮಾರಿದ್ದ ಜಾರ್ಜ್ ಆರ್ವೆಲ್ಲನ ಪುಸ್ತಕಗಳನ್ನು ಗಿರಾಕಿಗಳ ಯಂತ್ರದಿಂದ ದೂರದಲ್ಲೇ ಕೂತು ಅಳಿಸಿದರು. ಮಾರಾಟದ ಹಕ್ಕಿನ ತಕರಾರು ಇತ್ತಂತೆ. ದುಡ್ಡು ವಾಪಸು ಕೊಟ್ಟರು, ಆಮೇಲೆ ಕಂಪನಿಯ ಯಜಮಾನ ಜೆಫ್ ಬೆಜೋಸ್ ಕ್ಷಮೆಯನ್ನೂ ಕೇಳಿದರು. ಅಳಿಸಿದ ಪುಸ್ತಕಗಳಲ್ಲಿ ಒಂದು ‘1984’, ಸರ್ಕಾರ ಹಳೆಯ ಬರಹಗಳನ್ನು ಅಳಿಸಿಹಾಕುವ ಕಥೆ ಅದರದು! ಗಿರಾಕಿ ಮನೆಗೆ ಒಯ್ದ ಅಕ್ಕಿಮೂಟೆಯನ್ನು ರಾತ್ರಿ ಹೋಗಿ ಎತ್ತಿಕೊಂಡು ಬಂದು ಗಲ್ಲಾದಲ್ಲಿ ದುಡ್ಡಿಟ್ಟರೆ ನಮ್ಮ ಮಂಡಿಯಲ್ಲಿ ಸುಮ್ಮನಿರುತ್ತಾರೆಯೇ? ಇ-ಪುಸ್ತಕವನ್ನು ಓದಿದ ಮೇಲೆ ಅರ್ಧ ಬೆಲೆಗೆ ಮಾರುವ ಹಾಗಿಲ್ಲ, ಪಕ್ಕದ ಸೀಟಿನವರಿಗೆ ‘ಓದಿ ಕೊಡಿ’ ಅಂತ ಕೊಡುವ ಹಾಗೂ ಇಲ್ಲ. ತೆರಿಗೆಯಲ್ಲೂ ಭೇದ. ಅಚ್ಚಾದ ಪುಸ್ತಕಕ್ಕೆ ಜಿ.ಎಸ್.ಟಿ. ಇಲ್ಲ, ಅದೇ ಪುಸ್ತಕದ ಇ-ಪ್ರತಿಗೆ ಇತ್ತು. 2018ರಲ್ಲಿ ಅದನ್ನು ಶೇಕಡ 18ರಿಂದ 5ಕ್ಕೆ ಇಳಿಸಿದರು.

ಈ ಕಾರಣಕ್ಕೇ ನಾನು ಕಂಪನಿಗಳನ್ನು ಬಿಟ್ಟು ಗ್ರಂಥಾಲಯದ ಬಾಗಿಲು ತಟ್ಟುತ್ತಿರುವುದು. ಕಂದಾಯದ ರಸೀದಿ ತೆಗೆದು ನೋಡಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಇದೆ, ಈಗ ರೂಪಾಯಿಗೆ ಆರು ಪೈಸೆ. ಅಂಗಡಿಗೆ ಐದು ಸಾವಿರ ತೆರಿಗೆ ಕಟ್ಟಿದವರು ಅದರ ಮೇಲೆ ಮುನ್ನೂರು ರೂಪಾಯಿ ಓದಿಗೆ ಅಂತ ಕೊಟ್ಟಿದ್ದೀರಿ. ಬಾಡಿಗೆ ಮಳಿಗೆಯವರೂ ಕೊಟ್ಟಿದ್ದೀರಿ, ಯಜಮಾನರು ಅದನ್ನು ಬಾಡಿಗೆಯಲ್ಲಿ ಸೇರಿಸಿರುತ್ತಾರೆ. ಗ್ರಂಥಾಲಯದ ಮೆಟ್ಟಿಲು ಹತ್ತಿ ಎಷ್ಟು ವರ್ಷವಾಯಿತು ಅಂತ ಮಾತ್ರ ಕೇಳಬೇಡಿ.

ಈ ದುಡ್ಡಿನಲ್ಲಿ ಕೇಳುವುದು ದೊಡ್ಡದೇನಲ್ಲ. ನಮ್ಮ ಊರಿನ ಗ್ರಂಥಾಲಯ ಹತ್ತು ಯಂತ್ರ ಕೊಂಡು, ಕನ್ನಡದ ಫಾಂಟು ಹಾಕಿ, ಠೇವಣಿ ಪಡೆದು ಹದಿನೈದು ದಿನಕ್ಕೆ ಎರವಲು ಕೊಡಲಿ. ಒಳಗೆ ಏನು ತುಂಬುವುದು? ಹಕ್ಕುಸ್ವಾಮ್ಯ ಮುಗಿದವುಗಳಿಂದ ಶುರು ಮಾಡಲಿ. ನಮ್ಮ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ. ತೀರಿಕೊಂಡದ್ದು 1946ರಲ್ಲಿ. ಲೇಖಕರು ತೀರಿದ ಮೇಲೆ ಅರವತ್ತು ವರ್ಷಕ್ಕೆ ಹಕ್ಕು ಮುಗಿಯುತ್ತದೆ. 2007ರಿಂದ ಅವರು ಬರೆದದ್ದು ಎಲ್ಲರ ಸೊತ್ತು, ಯಾರಿಗೂ ಕಾಸು ಕೊಡಬೇಕಿಲ್ಲ. ಟೈಪು ಮಾಡಿ ಕರಡು ತಿದ್ದಲು ನಮ್ಮ ಕಾಲೇಜುಗಳಲ್ಲಿ ಕನ್ನಡ ಎಂ.ಎ. ಹುಡುಗರಿಗೆ ಕೊರತೆಯೇ?

ಹೊಸ ಪುಸ್ತಕಗಳ ಪ್ರಶ್ನೆ ಬಂದರೆ, ಇಲಾಖೆಯ ಸಗಟು ಖರೀದಿಯಲ್ಲಿ ಆಯ್ಕೆಯಾದ ಪುಸ್ತಕದ ಮುನ್ನೂರು ಪ್ರತಿ ಕೊಳ್ಳುವ ಪದ್ಧತಿ ಇದೆ. ಅನೇಕ ಪ್ರಕಾಶಕರು ಉಸಿರಾಡುವುದೇ ಅದರಿಂದ. ಆ ಮುನ್ನೂರರ ಜೊತೆ ಯೂನಿಕೋಡಿನಲ್ಲಿರುವ ಒಂದು ಫೈಲೂ ಬೇಕು, ಅದಕ್ಕೆ ಇಷ್ಟು ಅಂತ ಬೆಲೆ ಕೊಡುತ್ತೇವೆ ಅಂದರೆ ಒಲ್ಲೆ ಅನ್ನುವವರು ಕಡಿಮೆ. ಕಳ್ಳಪ್ರತಿ ಆಗುತ್ತೆ ಅನ್ನುವ ಪ್ರಕಾಶಕರ ಹೆದರಿಕೆ ಸುಳ್ಳಲ್ಲ, ಬೀದಿಯಲ್ಲಿ ಜೆರಾಕ್ಸ್ ಪುಸ್ತಕ ಕಂಡವರು ಅವರು. ಗ್ರಂಥಾಲಯದ ಯಂತ್ರದಲ್ಲೇ ಇರಲಿ, ಒಂದು ಪ್ರತಿ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಅಂತ ಕರಾರು ಮಾಡಿಕೊಳ್ಳಲಿ. ಇದಕ್ಕೆ ಹೊಸ ಕಾಯ್ದೆ ಬೇಕು ಅಂತ ನನಗೆ ಅನ್ನಿಸುವುದಿಲ್ಲ. ಪುಸ್ತಕ ಆಯ್ಕೆಗೆ ಅರ್ಜಿ ಕರೆಯುವ ಪ್ರಕಟಣೆಯಲ್ಲಿ ಒಂದು ಸಾಲು ಸೇರಿಸಿದರೆ ಆಯಿತು.