ತಮ್ಮನ ಸಾವು, ವೈರದ ಆಯುಸ್ಸು

2018ರಲ್ಲಿ ಬಂದ ‘ಮಿರ್ಜಾಪುರ್’ ಎಂಬ ಹಿಂದಿ ಧಾರಾವಾಹಿಯಲ್ಲಿ ಪ್ರಾಮಾಣಿಕ ವಕೀಲರೊಬ್ಬರ ಇಬ್ಬರು ಮಕ್ಕಳು ಅಪರಾಧವನ್ನೇ ಕಸುಬಾಗಿಸಿಕೊಂಡ ಮನೆತನವೊಂದರ ಸೇವೆಗೆ ಸೇರುತ್ತಾರೆ. ಅಣ್ಣ ಗುಡ್ಡುವಿನದು ತೋಳ್ಬಲ, ತಮ್ಮ ಬಬ್ಲುವಿನದು ಬುದ್ಧಿಬಲ. ಮೊದಲ ಭಾಗದ ಕೊನೆಯಲ್ಲಿ ಆ ಮನೆತನದ ಮಗನ ಕೈಯಿಂದಲೇ ತಮ್ಮನು ಹತನಾಗುತ್ತಾನೆ. 2020ರ ಎರಡನೆಯ ಭಾಗದಲ್ಲಿ ಅಣ್ಣನು ಸೇಡು ತೀರಿಸಿಕೊಳ್ಳುತ್ತಾನೆ, ನೋಡಿದವರಿಗೆ ಸಮಾಧಾನ. ಆದರೆ ಕಥೆ ಮುಗಿಯಲಿಲ್ಲ. 2024ರಲ್ಲಿ ಮೂರನೆಯ ಭಾಗವೂ ಬಂದಿತು. ವೈರದ ಸ್ವಭಾವವೇ ಅಂಥದು.

ಜೈನ ಪುರಾಣವೂ ಹತನಾದ ತಮ್ಮನೊಬ್ಬನ ಕಥೆಯನ್ನು ಹೇಳುತ್ತದೆ. ಪೌದನಪುರದ ಅರವಿಂದ ರಾಜನ ಆಸ್ಥಾನದಲ್ಲಿ ಕಮಠ, ಮರುಭೂತಿ ಎಂಬ ಸಹೋದರರಿದ್ದರು. ತಮ್ಮನ ಪತ್ನಿಯ ವಿಷಯದಲ್ಲಿ ತಪ್ಪೆಸಗಿದ ಕಮಠನನ್ನು ರಾಜನು ಗಡೀಪಾರು ಮಾಡಿದನು. ಅನ್ಯಾಯಕ್ಕೊಳಗಾದ ಮರುಭೂತಿಯೇ ಅಣ್ಣನನ್ನು ಹುಡುಕಿಕೊಂಡು ಹೋಗಿ ಕಾಲಿಗೆರಗಿದನು. ಬಂಡೆಯನ್ನು ಎತ್ತಿ ಹಿಡಿದು ತಪಸ್ಸು ಮಾಡುತ್ತಿದ್ದ ಕಮಠನು ಅದನ್ನೇ ತಮ್ಮನ ತಲೆಯ ಮೇಲೆ ಹಾಕಿದನು. ಕೋಪವನ್ನು ಬಿಡದ ತಪಸ್ಸು ಆಯುಧವಾಯಿತು.

ಇಲ್ಲಿ ಪುರಾಣವು ಕಠಿಣವಾದ ಮಾತೊಂದನ್ನು ಹೇಳುತ್ತದೆ. ನಿರಪರಾಧಿಯಾದ ಮರುಭೂತಿಗೂ ಒಡನೆಯೇ ಸದ್ಗತಿ ದೊರೆಯಲಿಲ್ಲ. ಆರ್ತಧ್ಯಾನದಿಂದ ಮಡಿದ ಅವನು ವಜ್ರಘೋಷವೆಂಬ ಆನೆಯಾಗಿ ಹುಟ್ಟಿದನು. ಮುನಿಯಾಗಿದ್ದ ಅರವಿಂದನನ್ನು ಕಂಡು ಪೂರ್ವಜನ್ಮವನ್ನು ಸ್ಮರಿಸಿ ಅಣುವ್ರತಗಳನ್ನು ಸ್ವೀಕರಿಸಿದನು. ಸರ್ಪವಾಗಿ ಹುಟ್ಟಿದ್ದ ಕಮಠನು ಮತ್ತೆ ಕಚ್ಚಿದಾಗ ಆನೆಯು ಶಾಂತಭಾವದಿಂದ ಪ್ರಾಣಬಿಟ್ಟಿತು. ಎರಡು ಸಾವುಗಳಿಗೂ ಕಾರಣನು ಒಬ್ಬನೇ. ಸಾಯುವವನ ಮನಸ್ಸು ಬೇರೆಯಾಗಿತ್ತು. ಹತ್ತನೆಯ ಭವದಲ್ಲಿ ಆ ತಮ್ಮನೇ ಪಾರ್ಶ್ವನಾಥ ತೀರ್ಥಂಕರರಾದರು. ಕೊನೆಯ ಉಪಸರ್ಗವನ್ನೊಡ್ಡಿದ ಕಮಠನ ಜೀವವೂ ಅವರ ಸನ್ನಿಧಿಯಲ್ಲಿ ಶಾಂತವಾಯಿತು. ಸಿದ್ದಾಪುರದ ಬಿಳಗಿಯ ಬಸದಿಯಲ್ಲಿ ಪಾರ್ಶ್ವನಾಥರಿಗೆ ಕೈಮುಗಿಯುವವರು, ಸ್ವಾಮಿಯ ಶಿರದ ಮೇಲಿನ ಹೆಡೆಯು ಆ ಉಪಸರ್ಗದ ನೆನಪೆಂಬುದನ್ನು ಮರೆಯಬಾರದು.

ಕ್ಷಮಿಸುವುದೆಂದರೆ ತಪ್ಪನ್ನು ಒಪ್ಪುವುದಲ್ಲ. ರಾಜನು ಕೊಟ್ಟ ಶಿಕ್ಷೆಯನ್ನು ಪುರಾಣವು ತಪ್ಪೆನ್ನುವುದಿಲ್ಲ. ನ್ಯಾಯಾಲಯವು ತನ್ನ ಕೆಲಸ ಮಾಡಲಿ; ಅಪಾಯವಿರುವಲ್ಲಿ ದೂರವಿರುವುದೂ ವಿವೇಕವೇ. ಬಿಡಬೇಕಾದುದು ಒಳಗಿನ ಬಂಡೆಯನ್ನು.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟದ ಮನೆಗಳಲ್ಲಿ ಬಂದೂಕುಗಳ ಕಾಳಗ ನಡೆಯುವುದಿಲ್ಲ. ಆದರೆ ಹಿಸ್ಸೆಯಾದ ಅಡಿಕೆ ತೋಟದ ಅಂಚು, ಬೆಟ್ಟದ ಸೊಪ್ಪು, ಹರಿದು ಬರುವ ನೀರಿನ ಪಾಲು, ಇಷ್ಟಕ್ಕೇ ಮಾತು ಬಿಟ್ಟ ಅಣ್ಣ ತಮ್ಮಂದಿರಿದ್ದಾರೆ. ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗುವುದಿಲ್ಲ. ಕಾರಣವನ್ನೇ ಅರಿಯದ ಮಕ್ಕಳು ವೈರವನ್ನು ಆಸ್ತಿಯಂತೆ ಪಡೆಯುತ್ತಾರೆ.

ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ‘ಗೊಮ್ಮಟಸಾರ’ವು ಕ್ರೋಧವನ್ನು ನೀರಿನ, ಧೂಳಿನ, ನೆಲದ, ಕಲ್ಲಿನ ಗೆರೆಗಳಿಗೆ ಹೋಲಿಸುತ್ತದೆ. ಅವುಗಳ ವಾಸನೆಗೆ ಕಾಲದ ಅಳತೆಯನ್ನೂ ಹೇಳುತ್ತದೆ: ಅಂತರ್ಮುಹೂರ್ತ, ಒಂದು ಪಕ್ಷ, 6 ತಿಂಗಳು, ಅದನ್ನು ಮೀರಿದರೆ ಭವಭವಾಂತರಗಳವರೆಗೆ ಬೆನ್ನಟ್ಟುವ ಅನಂತಾನುಬಂಧಿ. ಒಡಹುಟ್ಟಿದವರೊಡನೆ ಮಾತು ಬಿಟ್ಟು ಎಷ್ಟು ತಿಂಗಳಾಯಿತೆಂದು ಶ್ರಾವಕನು ಎಣಿಸಿ ನೋಡಲಿ. ಭಾದ್ರಪದದ ದಶಲಕ್ಷಣ ಪರ್ವವು ಉತ್ತಮ ಕ್ಷಮೆಯಿಂದ ಆರಂಭವಾಗಿ, ಬಳಿಕ ಕ್ಷಮಾವಣಿಯಲ್ಲಿ ಕೊನೆಗೊಳ್ಳುತ್ತದೆ. ಆ ದಿನ ಬಸದಿಯಲ್ಲಿ ಪರಿಚಿತರೆಲ್ಲರ ಕ್ಷಮೆ ಕೇಳುವುದು ಸುಲಭ. ಕೇಳಬೇಕಾದ ಒಬ್ಬನ ಮನೆಯ ಅಂಗಳಕ್ಕೆ ಕಾಲಿಡುವುದೇ ನಿಜವಾದ ವ್ರತ.